ಮಹಾಲಿಂಗಮ್ಮನ ತಟ್ಟೆ ತಪಾಸಣೆ

ಕಡೆಹಟ್ಟಿ ಶಾಲೆಯಲ್ಲಿ ಮಕ್ಕಳ ಹಾಜರಿಯನ್ನು ಇಬ್ಬರು ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಹೆಡ್ಮಾಸ್ತರು ಗೋಪಾಲನ್ ಪುಸ್ತಕ ನೋಡಿಕೊಂಡು ತೆಗೆದುಕೊಳ್ಳುತ್ತಿದ್ದುದು ಸರ್ಕಾರಕ್ಕೆ. ಮಧ್ಯಾಹ್ನ ಹನ್ನೆರಡೂವರೆಗೆ ಅಡಿಗೆಯ ಮಹಾಲಿಂಗಮ್ಮ ತಟ್ಟೆ ನೋಡಿಕೊಂಡು ತೆಗೆದುಕೊಳ್ಳುತ್ತಿದ್ದುದು ತನ್ನ ಸಮಾಧಾನಕ್ಕೆ. ಇವೆರಡರಲ್ಲಿ ನಂಬಬೇಕಾದದ್ದು ಯಾವುದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಹೆಡ್ಮಾಸ್ತರಿಗೆ ಅನುಮಾನ ಬಂದಾಗಲೆಲ್ಲ ಅವರು ಎದ್ದು ಅಡಿಗೆಮನೆಗೇ ಹೋಗುತ್ತಿದ್ದರು.

ನೀಲಗಿರಿ ಬೆಟ್ಟದ ಸೋಲೂರಿನಿಂದ ಮೇಲಕ್ಕೆ, ಬಸ್ಸು ತಿರುಗಿಕೊಂಡು ವಾಪಸು ಹೋಗುವ ಜಾಗದಲ್ಲಿ ಆ ಶಾಲೆ. ಸುತ್ತ ಸಣ್ಣ ಸಣ್ಣ ಟೀ ತೋಟಗಳು, ಆಲೂಗಡ್ಡೆ ಹೊಲ, ಅದರಾಚೆ ಕರ್ಪೂರ ಮರಗಳು. ಶಾಲೆಯ ಹಿಂದಿನ ತಗಡಿನ ಚಾವಣಿಯೇ ಮಹಾಲಿಂಗಮ್ಮನ ರಾಜ್ಯ. ವಯಸ್ಸು ಐವತ್ತರ ಹತ್ತಿರ. ಬಿಳಿ ಮುಂಡು, ತಲೆಗೆ ಬಿಳಿ ವಸ್ತ್ರ, ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗೆ ಲಿಂಗ, ಕೈಯಲ್ಲಿ ಮೊಳದುದ್ದದ ಸೌಟು. ಬೆಳಿಗ್ಗೆ ಎದ್ದು ಲಿಂಗಪೂಜೆ ಮುಗಿಸದೆ ಒಲೆ ಹಚ್ಚಿದವಳಲ್ಲ, ಒಲೆ ಹಚ್ಚಿದ ಮೇಲೆ ಬಾಯಿ ಮುಚ್ಚಿದವಳೂ ಅಲ್ಲ. ಗೋಧಿ ನುಚ್ಚಿನ ಉಪ್ಪುಮಾ ಮತ್ತು ಪುಡಿ ಹಾಲು, ವಾರಕ್ಕೆ ಐದು ದಿನವೂ ಅದೇ. ಅದನ್ನೇ ಹದಿಮೂರು ವರ್ಷ ಬೇಯಿಸಿದ್ದಳು, ಒಂದು ದಿನವೂ ಬೇಸರಪಟ್ಟವಳಲ್ಲ. ಬೇಯಿಸುವುದು ಅವಳಿಗೆ ನೆಪ, ಮಕ್ಕಳು ತಿನ್ನುವುದನ್ನು ನೋಡುವುದೇ ನಿಜವಾದ ಕೆಲಸ.

ಬೆಟ್ಟನ ಮಗ ರಂಗ ಕರೆದಾಗಲೆಲ್ಲ ಬಲಗಡೆಗೇ ತಿರುಗುತ್ತಾನೆ ಎಂದು ಮೊದಲು ಕಂಡುಹಿಡಿದದ್ದು ಅವಳು. ಎಡಗಿವಿಯ ಹತ್ತಿರ ಸೌಟಿನಿಂದ ಪಾತ್ರೆ ಬಡಿದು ನೋಡಿ, ಮಾರನೆಯ ದಿನವೇ ಅವನಪ್ಪನನ್ನು ಊಟಿ ಬಸ್ಸಿಗೆ ಹತ್ತಿಸಿದಳು. ಇನ್ನೊಬ್ಬಳು ತಟ್ಟೆಯಲ್ಲಿನ ಮೆಣಸಿನಕಾಯಿಯನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕುತ್ತಿದ್ದಳು. ಅವಳಿಗೆ ಕನ್ನಡಕ ಬಂತು. ಶನಿವಾರ ಅರವಂಕಾಡಿನ ಕಾರ್ಖಾನೆಯಿಂದ ಮನೆಗೆ ಬರುತ್ತಿದ್ದ ಗಂಡ ಹಾಲ ಈ ವರದಿಗಳನ್ನೆಲ್ಲ ಕೇಳಿ, "ನೀ ಅಡಿಗೆಯವಳಾ ಪೊಲೀಸಾ, ಎನಗೆ ಇನ್ನೂ ಗೊತ್ತಿಲ್ಲೆ" ಎನ್ನುತ್ತಿದ್ದ. ಅವಳಿಗೆ ಆ ಮಾತು ಬಹಳ ಇಷ್ಟ. ಅದನ್ನು ಇನ್ನೊಮ್ಮೆ ಹೇಳಿಸುವುದಕ್ಕಾಗಿಯೇ ಇನ್ನೊಂದು ಮಗುವಿನ ಸುದ್ದಿ ತೆಗೆಯುತ್ತಿದ್ದಳು.

ಅವಳ ಲೆಕ್ಕಕ್ಕೆ ಸಿಗದೆ ಉಳಿದವಳು ಒಬ್ಬಳೇ, ನಂಜಿಯ ಮಗಳು ಬೆಳ್ಳಿ.

ಬೆಳ್ಳಿಗೆ ಏಳು ವರ್ಷ. ಕಿವಿ ಚುರುಕು, ಕಣ್ಣು ಚುರುಕು, ಕೈಕಾಲು ಗಟ್ಟಿ. ಆದರೆ ಕರೆದರೆ ತಿರುಗುವುದಿಲ್ಲ, ಕೇಳಿದರೆ ಹೇಳುವುದಿಲ್ಲ. ಶಾಲೆಯ ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾಳೆ. ಮೂವತ್ತೆರಡು ತಟ್ಟೆಗಳನ್ನು ನೆಗ್ಗು ಕಡಿಮೆ ಇರುವುದರಿಂದ ಹೆಚ್ಚು ಇರುವುದರ ತನಕ ಸಾಲಾಗಿ ಜೋಡಿಸುತ್ತಾಳೆ, ಯಾರಾದರೂ ನಡುವಿನಿಂದ ಒಂದನ್ನು ಎಳೆದರೆ ಊರು ಕೇಳುವ ಹಾಗೆ ಅರಚುತ್ತಾಳೆ. ಇನ್ನಷ್ಟು ಉಪ್ಪುಮಾ ಬೇಕಾದರೆ ಬೇಕು ಎನ್ನುವುದಿಲ್ಲ, ಬೆರಳು ತೋರಿಸುವುದೂ ಇಲ್ಲ. ನೇರವಾಗಿ ಬಂದು ಮಹಾಲಿಂಗಮ್ಮನ ಮಣಿಕಟ್ಟು ಹಿಡಿದು, ಅವಳ ಕೈಯನ್ನು ಒಯ್ದು ಪಾತ್ರೆಯ ಮುಚ್ಚಳದ ಮೇಲೆ ಇಡುತ್ತಾಳೆ. ಮುಖ ಮಾತ್ರ ನೋಡುವುದಿಲ್ಲ. "ನಾ ಇವಳ ಪಾಲಿಗೆ ಇನ್ನೊಂದು ಸೌಟು" ಎಂದು ಮಹಾಲಿಂಗಮ್ಮ ನಗುತ್ತಿದ್ದಳು.

ಇಷ್ಟಾಗಿದ್ದರೆ ಹಟ್ಟಿಯವರು ಸಹಿಸಿಕೊಳ್ಳುತ್ತಿದ್ದರೇನೋ. ಅವರಿಗೆ ಸಹಿಸಲಾಗದ್ದು ಬೇರೆ ಇತ್ತು. ಆ ಬೆಟ್ಟದ ಬಡಗ ಜನರ ಹಟ್ಟಿಯಲ್ಲಿ ಚಿಕ್ಕವರು ಹಿರಿಯರನ್ನು ಕಂಡರೆ ಮುಂದೆ ಬಂದು ತಲೆ ಬಾಗಿಸಬೇಕು. ಹಿರಿಯರು ಆ ತಲೆಯ ಮೇಲೆ ಬಲಗೈ ಇಟ್ಟು, "ಒಳ್ಳಿತ್ತೇ ಆಗಲಿ, ಒಂದು ಸಾವಿರ ಆಗಲಿ" ಎಂದು ಹರಸಬೇಕು. ಕೈ ಬೀಳುವತನಕ ತಲೆ ಎತ್ತುವ ಹಾಗಿಲ್ಲ. ನಡೆಯಲು ಕಲಿತ ಮಗುವಿಗೆ ಮೊದಲು ಕಲಿಸುವ ಪಾಠವೇ ಇದು. ಬೆಳ್ಳಿ ಇದುವರೆಗೆ ಒಬ್ಬರ ಮುಂದೆಯೂ ತಲೆ ಬಾಗಿಸಿದವಳಲ್ಲ. ಊರ ಗೌಡರೇ ಕೈ ಎತ್ತಿ ನಿಂತಾಗ ಅವರನ್ನು ಬಳಸಿಕೊಂಡು ಹೋಗಿ, ಬಾಗಿಲ ಚಿಲಕ ಆಡಿಸುತ್ತ ಕೂತಿದ್ದಳಂತೆ. ಅಂದಿನಿಂದ ನಂಜಿ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಟೀ ಸೊಪ್ಪು ಕೊಯ್ಯುವಾಗಲೂ ಬೇರೆಯವರಿಂದ ದೂರ, ತೋಟದ ಮೂಲೆಯ ಸಾಲಿನಲ್ಲಿ ನಿಲ್ಲುತ್ತಿದ್ದಳು.

ಗೋಪಾಲನ್ ಗೂಡಲೂರು ಕಡೆಯವರು, ಮಾತಿನಲ್ಲಿ ಮಲಯಾಳ ಇಣುಕುತ್ತಿತ್ತು. ಕೆಟ್ಟವರಲ್ಲ, ಆದರೆ ಅವರ ಶಿಸ್ತಿಗೆ ಎರಡು ಕಣ್ಣು ಸಾಲದೆ ಕನ್ನಡಕ ಬೇರೆ ಇತ್ತು. ಎಪ್ಪತ್ತೊಂದನೆಯ ಇಸವಿಯ ಫೆಬ್ರುವರಿಯಲ್ಲಿ ಅವರು ನಂಜಿಯನ್ನು ಕರೆಸಿದರು.

"ನೋಡು ನಂಜಿ, ಇದು ಅಹಂಕಾರಂ, ಬೇರೇನೂ ಅಲ್ಲ. ಇವಳಿಂದ ಬೇರೆ ಮಕ್ಕಳ ಪಾಠ ಕೆಡ್ತಿದೆ. ಬರುವ ವಾರ ಊಟಿಯಿಂದ ಡಾಕ್ಟರ್ ಬರ್ತಾರೆ, ಶಾಲೆಯ ಮಕ್ಕಳ ಬುದ್ಧಿ ಬೆಳವಣಿಗೆ ನೋಡೋಕೆ. ಏನಾದ್ರೂ ದೋಷ ಇದೆ ಅಂತ ಅವರು ಬರೆದು ಕೊಟ್ರೆ ಇಟ್ಕೋತೀನಿ. ಏನೂ ಇಲ್ಲ ಅಂದ್ರೆ ಹೆಸರು ಹೊಡೆದುಬಿಡ್ತೀನಿ."

ನಂಜಿ ನೇರವಾಗಿ ಅಡಿಗೆಮನೆಗೆ ಬಂದು ಸೌದೆಯ ರಾಶಿಯ ಮೇಲೆ ಕೂತು ಅತ್ತಳು. "ಅಕ್ಕ, ಮನೇಲಿ ಬಿಟ್ರೆ ಬಾಗಿಲು ಹಾಕಿ ಹೋಗಬೇಕು. ಇಲ್ಲಿಯಾದ್ರೆ ನೀವು ಇದ್ದೀರಿ. ಎನ್ನ ಕೂಸಿಗೆ ಈ ಹಟ್ಟೀಲಿ ಬೇರೆ ಜಾಗ ಇಲ್ಲೆ."

ಅಂತೂ ಬೆಳ್ಳಿಯ ಶಾಲೆ ಡಾಕ್ಟರರ ಒಂದು ಸಾಲಿನ ಬರಹದ ಮೇಲೆ ನಿಂತಿತು. ಮಗಳಿಗೆ ದೋಷವಿರಲಿ ಎಂದು ತಾಯಿ ಬೇಡಿಕೊಳ್ಳುವ ಕಾಲ ಬಂತಲ್ಲ ಎಂದು ಮಹಾಲಿಂಗಮ್ಮ ಸೌಟಿನಿಂದ ಪಾತ್ರೆಯ ಅಂಚನ್ನು ಬಡಿದಳು. ಆದರೆ ಸುಮ್ಮನೆ ಕೂರುವ ಹೆಂಗಸಲ್ಲವಲ್ಲ. ಡಾಕ್ಟರರು ಖುಷಿಯಾಗಿದ್ದರೆ ನಾಲ್ಕು ಮಾತು ಹೆಚ್ಚು ಬರೆದಾರು, ಅದಕ್ಕೆ ಶಾಲೆ ಒಳ್ಳೆಯ ನಡತೆ ತೋರಿಸಬೇಕು ಎಂದು ತೀರ್ಮಾನಿಸಿದಳು. ಡಾಕ್ಟರರು ಬರುವ ಹಿಂದಿನ ಸಂಜೆ ಸಾಲುಮನೆಗಳಿಗೆಲ್ಲ ಹೋಗಿ ಮಕ್ಕಳಿಗೆ ತಾಕೀತು ಮಾಡಿದಳು. ನಾಳೆ ತಲೆಗೆ ಎಣ್ಣೆ ಹಾಕಿ ಬರಬೇಕು. ಡಾಕ್ಟರರ ಮುಖವನ್ನು ಎಮ್ಮೆಗಳ ಹಾಗೆ ದಿಟ್ಟಿಸಬಾರದು. ಹೋದ ಕೂಡಲೆ ತಲೆ ಬಾಗಿಸಬೇಕು, ಕೈ ಬೀಳುವತನಕ ಎತ್ತಬಾರದು, ಹರಸುವ ಮೊದಲು ಬಾಯಿ ಬಿಟ್ಟರೆ ಮಾರನೆಯ ದಿನ ಉಪ್ಪುಮಾ ಇಲ್ಲ. ಕೊನೆಯ ಮಾತು ಎಲ್ಲರಿಗೂ ಚೆನ್ನಾಗಿ ನಾಟಿತು.

ಡಾಕ್ಟರ್ ಎಂದರೆ ಗಂಡಸು ಎಂದು ಎಲ್ಲರೂ ಅಂದುಕೊಂಡಿದ್ದರು. ಬಸ್ಸಿನಿಂದ ಇಳಿದವಳು ಇಪ್ಪತ್ತೇಳು ವರ್ಷದ ಮಲರ್‌ಕೊಡಿ. ದುಂಡು ಕನ್ನಡಕ, ಎರಡು ಸ್ವೆಟರು, ಬಗಲಲ್ಲಿ ಒಂದು ಕಡತ. ತಂಜಾವೂರು ಕಡೆಯವಳು, ಬೆಟ್ಟಕ್ಕೆ ಬಂದು ಮೂರೇ ತಿಂಗಳು. ಕಡತದಲ್ಲಿ ಟೈಪು ಮಾಡಿದ ಪ್ರಶ್ನೆಗಳಿದ್ದವು. ಮುಖ ನೋಡುತ್ತದೆಯೇ? ಹೆಸರು ಕರೆದರೆ ಉತ್ತರ ಕೊಡುತ್ತದೆಯೇ? ಹೊಸಬರ ಹತ್ತಿರ ಹೇಗಿರುತ್ತದೆ? ತನ್ನೊಳಗೇ ಮುಳುಗಿರುವ ಮಕ್ಕಳ ಲಕ್ಷಣಗಳು ಅವು. ಅದಕ್ಕೆ ಆಟಿಸಂ ಎಂಬ ಹೆಸರಿದೆ ಎಂದು ಅವಳು ಹೊಸದಾಗಿ ಓದಿಕೊಂಡು ಬಂದಿದ್ದಳು, ಆ ಹೆಸರು ಇನ್ನೂ ಘಾಟಿ ಹತ್ತಿರಲಿಲ್ಲ. ಮೇಷ್ಟ್ರಿದ್ದರೆ ಮಕ್ಕಳು ಹೆದರುತ್ತಾರೆ ಎಂದು ಗೋಪಾಲನ್‌ರನ್ನು ಹೊರಗೆ ಕೂರಿಸಿ, ಒಬ್ಬೊಬ್ಬರನ್ನೇ ಒಳಗೆ ಕರೆದಳು.

ಮೊದಲ ಮಗು ಬಂದು ತಲೆ ಬಾಗಿಸಿ ನಿಂತಿತು. ಮಲರ್‌ಕೊಡಿ ತಮಿಳಿನಲ್ಲಿ ಹೆಸರು ಕೇಳಿದಳು. ಉತ್ತರವಿಲ್ಲ. ಇಲ್ಲಿ ನೋಡು ಎಂದಳು. ತಲೆ ಇನ್ನೂ ಎರಡು ಅಂಗುಲ ಕೆಳಗಿಳಿಯಿತು. ಗೊಂಬೆ ತೋರಿಸಿದಳು, ಬಣ್ಣದ ಚೆಂಡು ಉರುಳಿಸಿದಳು. ಎಣ್ಣೆ ಹಚ್ಚಿದ ಬೈತಲೆ ಬಿಟ್ಟರೆ ಅವಳಿಗೆ ಏನೂ ಕಾಣಲಿಲ್ಲ. ಪಾಪ, ಎಂದುಕೊಂಡು ಕಾಗದದಲ್ಲಿ ಗುರುತು ಹಾಕಿದಳು. ಎರಡನೆಯದೂ ಹಾಗೆಯೇ. ಹತ್ತನೆಯದು ಬರುವ ಹೊತ್ತಿಗೆ ಅವಳು ಟೈಪು ಮಾಡಿದ ಪ್ರಶ್ನೆಗಳನ್ನು ಮೊದಲಿನಿಂದ ಮತ್ತೆ ಓದಿಕೊಳ್ಳುತ್ತಿದ್ದಳು. ರಂಗನಂತೂ ಬಾಗಿದ ಭಂಗಿಯಲ್ಲೇ ಸೀನಿದ, ಆಗಲೂ ತಲೆ ಎತ್ತಲಿಲ್ಲ.

ಬೆಳ್ಳಿಯನ್ನು ಮಹಾಲಿಂಗಮ್ಮನೇ ಬಾಗಿಲತನಕ ಬಿಟ್ಟು, ಬೇಯುತ್ತಿದ್ದ ಉಪ್ಪುಮಾ ನೆನಪಾಗಿ ಓಡಿದಳು. ಬೆಳ್ಳಿ ನೆಟ್ಟಗೆ ಹೋಗಿ ಸ್ಟೆತಾಸ್ಕೋಪಿನ ಹೊಳೆಯುವ ಬಿಲ್ಲೆ ಹಿಡಿದು ತಿರುಗಿಸಿದಳು. ಆಮೇಲೆ ಡಾಕ್ಟರರ ಕನ್ನಡಕದ ಎರಡು ಗಾಜಿನಲ್ಲೂ ಕಿಟಕಿ ಪುಟ್ಟದಾಗಿ ಕಾಣುವುದನ್ನು ಕಂಡು, ಹತ್ತಿರ ಮುಖ ತಂದು ಅದನ್ನೇ ನೋಡುತ್ತ ನಿಂತಳು. ಬೆಳಗಿನಿಂದ ತನ್ನ ಮುಖ ನೋಡಿದ ಮೊದಲ ಮಗು ಎಂದು ಮಲರ್‌ಕೊಡಿಗೆ ಕಣ್ಣು ತುಂಬಿತು.

ಹನ್ನೆರಡು ಗಂಟೆಗೆ ಅವಳು ಹೊರಗೆ ಬಂದಳು, ಮುಖ ಬಿಳಿಚಿಕೊಂಡಿತ್ತು. ಗೋಪಾಲನ್ ಎದ್ದು ನಿಂತರು. ಉಪ್ಪುಮಾ ಇಳಿಸಿ ಬಂದ ಮಹಾಲಿಂಗಮ್ಮ ಸೌಟು ಹಿಡಿದುಕೊಂಡೇ ಅಡಿಗೆಮನೆಯ ಬಾಗಿಲಲ್ಲಿ ಕಿವಿ ಕೊಟ್ಟಳು, ಅವಳ ಹಿಂದೆ ನಂಜಿ.

"ಸಾರ್, ನಿಮ್ಮ ಶಾಲೆಯಲ್ಲಿ ಮೂವತ್ತೆರಡು ಮಕ್ಕಳಲ್ಲಿ ಮೂವತ್ತೊಂದಕ್ಕೆ ಲಕ್ಷಣ ಇದೆ. ಇಂಥದ್ದು ನಾನು ಪುಸ್ತಕದಲ್ಲೂ ಓದಿಲ್ಲ. ಇವತ್ತೇ ಮದ್ರಾಸಿಗೆ ಬರೀಬೇಕು."

ಗೋಪಾಲನ್ ಕೂತುಬಿಟ್ಟರು. ಇಪ್ಪತ್ತು ವರ್ಷದ ಶಿಸ್ತು ಹೀಗೆ ಫಲ ಕೊಟ್ಟಿತಲ್ಲ ಎಂದುಕೊಂಡರು. ಕಷ್ಟಪಟ್ಟು ಕೇಳಿದರು, "ಆ ಒಂದು ಮಗು ಯಾವುದು?"

"ಬೆಳ್ಳಿ ಅಂತ. ಅವಳಿಗೆ ಏನೂ ಇಲ್ಲ. ಬಹಳ ಚುರುಕು."

ಹಿಂದಿನಿಂದ ನಂಜಿ ಮಹಾಲಿಂಗಮ್ಮನ ಸೆರಗು ಹಿಡಿದುಕೊಂಡಳು. ಏನಾಗಿದೆ ಎಂದು ಮಹಾಲಿಂಗಮ್ಮನಿಗೆ ಒಂದು ಗಳಿಗೆಯಲ್ಲಿ ಹೊಳೆಯಿತು. ತಾನೇ ಮಾಡಿದ ಕೆಲಸ. ಮೂವತ್ತೊಂದು ಗಟ್ಟಿ ಮಕ್ಕಳನ್ನು ಕಾಯಿಲೆಯವರನ್ನಾಗಿ ಮಾಡಿದ್ದೂ ತಾನೇ, ಬೆಳ್ಳಿಯ ಹೆಸರು ಹೊಡೆಸುವ ಹಾಗೆ ಮಾಡಿದ್ದೂ ತಾನೇ. ಅಡಿಗೆಯವಳು ಡಾಕ್ಟರರ ಮಾತಿಗೆ ಅಡ್ಡ ಬಂದರೆ ಸೌಟು ಕೈಯಲ್ಲಿ ಉಳಿಯುವುದೋ ಇಲ್ಲವೋ. ಒಂದು ಕ್ಷಣ ಯೋಚಿಸಿದಳು, ಒಂದೇ ಕ್ಷಣ. ಅಂಗಳಕ್ಕೆ ಇಳಿದಳು.

"ಡಾಕ್ಟರಮ್ಮಾ, ತಪ್ಪು ಎನ್ನದು," ಎಂದಳು, ಅರ್ಧ ತಮಿಳು ಅರ್ಧ ಬಡಗದಲ್ಲಿ. "ಕೂಸುಗಳಿಗೆ ರೋಗ ಇಲ್ಲೆ, ಗೀಗ ಇಲ್ಲೆ. ತಲೆ ಎತ್ತಬೇಡಿ ಅಂತ ನಾ ಹೇಳಿದ್ದೆ. ನೀವು ಕೈ ಇಡಲಿಲ್ಲೆ, ಅವು ತಲೆ ಎತ್ತಲಿಲ್ಲೆ."

ಮಲರ್‌ಕೊಡಿಗೆ ತಲೆಬುಡ ಅರ್ಥವಾಗಲಿಲ್ಲ. ಮಹಾಲಿಂಗಮ್ಮ ಹತ್ತಿರವಿದ್ದ ರಂಗನನ್ನು ಕರೆದು ಕಣ್ಸನ್ನೆ ಮಾಡಿದಳು. ರಂಗ ಡಾಕ್ಟರರ ಮುಂದೆ ಬಂದು ಬಗ್ಗಿದ. "ಬಲಗೈ ಇಡಿ. ತಲೆ ಮೇಲೆ. ಒಳ್ಳಿತ್ತೇ ಆಗಲಿ ಅನ್ನಿ."

ಮಲರ್‌ಕೊಡಿ ಅಳುಕುತ್ತ ಕೈ ಇಟ್ಟಳು, ಮಾತು ತಡವರಿಸಿದಳು. ರಂಗ ಥಟ್ಟನೆ ತಲೆ ಎತ್ತಿ ಅವಳ ಮುಖ ನೋಡಿದ. ನೋಡಿದವನು ಅಲ್ಲಿಗೇ ನಿಲ್ಲಿಸಲಿಲ್ಲ. ಎರಡು ಸ್ವೆಟರು ಯಾಕೆ, ಆ ಚೆಂಡು ಯಾರಿಗೆ, ಬಸ್ಸಿನಲ್ಲಿ ವಾಂತಿ ಆಯಿತೇ ಎಂದು ಒಂದೇ ಉಸಿರಿಗೆ ಕೇಳಿದ. ಬೆಳಗಿನಿಂದ ಮಾತು ಅದುಮಿಕೊಂಡಿದ್ದ ಬಾಯಿ ಅದು. ಉಳಿದವರೂ ಸಾಲು ಕಟ್ಟಿದರು. ಇಪ್ಪತ್ತೇಳರ ಡಾಕ್ಟರಮ್ಮ ಅಜ್ಜಿಯ ಹಾಗೆ ಮೂವತ್ತೊಂದು ತಲೆಗಳನ್ನು ಹರಸಿ ಮುಗಿಸುವಷ್ಟರಲ್ಲಿ ಅವಳ ಅಂಗೈಯಿಂದ ಎಣ್ಣೆ ಇಳಿಯುತ್ತಿತ್ತು, ನಕ್ಕು ನಕ್ಕು ಕನ್ನಡಕ ಮಂಜಾಗಿತ್ತು. ಗೋಪಾಲನ್ ಕೂಡ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದರು. ಅಳುತ್ತಿದ್ದಾರೆಂದು ಯಾರೂ ಮೋಸ ಹೋಗಲಿಲ್ಲ.

"ಹಾಗಾದರೆ ಬೆಳಗಿನ ಕಾಗದ ಎಲ್ಲ ದಂಡ," ಎಂದಳು ಮಲರ್‌ಕೊಡಿ. "ಈಗ ಹೇಗೆ ನೋಡಲಿ ಇವರನ್ನ?"

"ನಾ ನೋಡುವ ಹಾಗೆ ನೋಡಿ. ತಟ್ಟೆ ಮುಂದೆ ಕೂತಾಗ ಕೂಸುಗಳಿಗೆ ನಡತೆ ನೆನಪಿರಲ್ಲ."

ಮಲರ್‌ಕೊಡಿ ಮಣೆ ಹಾಕಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ಕೂತಳು. ಮೂವತ್ತೊಂದು ಮಕ್ಕಳು ಗದ್ದಲ ಮಾಡಿ, ಒಬ್ಬರ ತಟ್ಟೆ ಇನ್ನೊಬ್ಬರು ಇಣುಕಿ, ಮಹಾಲಿಂಗಮ್ಮನನ್ನು ಬಡಗದಲ್ಲಿ ಅಜ್ಜಿ ಎಂದು ಕರೆದು, ಹೆತ್ತೆ ನನಗೆ, ಹೆತ್ತೆ ಇವನು ಎಂದು ಬೆರಳು ತೋರಿಸಿ ದೂರು ಹೇಳಿ, ಡಾಕ್ಟರರ ಕಡೆ ನೋಡಿ ಹಲ್ಲು ಕಿರಿದು ತಿಂದರು. ಬೆಳ್ಳಿ ಬೆನ್ನು ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು. ತಟ್ಟೆ ಬರಿದಾಯಿತು. ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಮಹಾಲಿಂಗಮ್ಮನ ಮಣಿಕಟ್ಟು ಹಿಡಿದು ಒಯ್ದು ಮುಚ್ಚಳದ ಮೇಲಿಟ್ಟಳು.

ಮಲರ್‌ಕೊಡಿಯ ಪೆನ್ಸಿಲು ನಿಂತಿತು. "ಇದು ಯಾವಾಗಿನಿಂದ, ಅಮ್ಮಾ?"

"ಎರಡು ವರ್ಷ ಆಯ್ತು, ಇವಳು ಶಾಲೆಗೆ ಬಂದ ದಿನದಿಂದ. ನಾನೊಬ್ಬ ಮನುಷ್ಯಳು ಅಂತ ಇವಳಿಗೆ ಇಲ್ಲೆ, ಕೈ ಮಾತ್ರ ಇದೆ."

ಆಮೇಲಿನ ಎರಡು ಗಂಟೆ ಡಾಕ್ಟರು ಕೇಳಿದಳು, ಅಡಿಗೆಯವಳು ಹೇಳಿದಳು. ಗಂಟೆ, ತಟ್ಟೆಯ ಸಾಲು, ಉಪ್ಪುಮಾಕ್ಕೆ ಹಾಲು ತಗಲಿದರೆ ತಿನ್ನದಿರುವುದು, ಯಾರೋ ವಾರದ ಹಿಂದೆ ಹೇಳಿದ ಮಾತನ್ನು ಇದ್ದಕ್ಕಿದ್ದ ಹಾಗೆ ಅದೇ ರಾಗದಲ್ಲಿ ಹೇಳುವುದು. ಟೈಪು ಮಾಡಿದ ಪ್ರಶ್ನೆ ಮುಗಿದರೂ ಮಹಾಲಿಂಗಮ್ಮನ ಉತ್ತರ ಮುಗಿಯಲಿಲ್ಲ. ಕೊನೆಗೆ ಮಲರ್‌ಕೊಡಿ ನಂಜಿಯನ್ನು ಹತ್ತಿರ ಕೂರಿಸಿಕೊಂಡಳು.

"ಇದು ಸೊಕ್ಕಲ್ಲ, ನಿಮ್ಮ ತಪ್ಪೂ ಅಲ್ಲ. ಹುಟ್ಟುವಾಗಲೇ ಇವಳ ಮನಸ್ಸಿನ ದಾರಿ ಬೇರೆ. ನಮಗೆ ಸುಲಭವಾದದ್ದು ಇವಳಿಗೆ ಕಷ್ಟ. ದಿನಾ ಒಂದೇ ರೀತಿ, ಒಂದೇ ಕಡೆ, ತಾಳ್ಮೆಯಿಂದ ತೋರಿಸಿದರೆ ಕಲೀತಾಳೆ. ಎಷ್ಟು ಅಂತ ನಾನು ಸುಳ್ಳು ಭರವಸೆ ಕೊಡಲ್ಲ."

"ಸೊಕ್ಕಲ್ಲ ಅಂತ ಬರೆದು ಕೊಡ್ತೀರಾ?" ಎಂದಳು ನಂಜಿ.

ಬರೆದು ಕೊಟ್ಟಳು. ಮಗುವನ್ನು ಶಾಲೆಯಲ್ಲೇ ಇಟ್ಟುಕೊಳ್ಳಬೇಕು, ಗಂಟೆ ಬಾರಿಸುವಾಗ ದೂರ ಕರೆದೊಯ್ಯಬೇಕು, ಅಡಿಗೆಯ ಮಹಾಲಿಂಗಮ್ಮನ ಕಣ್ಣಳತೆಯಲ್ಲಿ ಕೂರಿಸಬೇಕು. ಗೋಪಾಲನ್ ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, "ಅಹಂಕಾರ ನನ್ನದೇ ಆಗಿತ್ತು" ಎಂದರು. ಮಾರನೆಯ ದಿನದಿಂದ ಗಂಟೆಗೆ ಬದಲು ಕೈಚಪ್ಪಾಳೆ ಬಂತು. ಬಸ್ಸು ಹತ್ತುವ ಮೊದಲು ಮಲರ್‌ಕೊಡಿ ಮಹಾಲಿಂಗಮ್ಮನ ಮುಂದೆ ತಲೆ ಬಾಗಿಸಿ ನಿಂತಳು. ಮಹಾಲಿಂಗಮ್ಮ ಸೌಟನ್ನು ಎಡಗೈಗೆ ಬದಲಿಸಿಕೊಂಡು ಹರಸಿದಳು. ಆ ಶನಿವಾರ ಹಾಲನಿಗೆ ಹೇಳಿದ ವರದಿ ಮುಗಿಯುವಷ್ಟರಲ್ಲಿ ಅವನು ಮೂರು ಸಲ ಪೊಲೀಸು ಎಂದಿದ್ದ.

ವರ್ಷ ಕಳೆಯಿತು. ಬೆಳ್ಳಿ ಮಾತಿನಮಲ್ಲಿಯೇನೂ ಆಗಲಿಲ್ಲ. ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಷರ ತಿದ್ದಿದಳು, ನೂರರ ತನಕ ಎಣಿಸಿದಳು, ತಟ್ಟೆಗಳ ಸಾಲಿನಲ್ಲಿ ರಂಗನೊಬ್ಬನಿಗೆ ಕೈ ಹಾಕಲು ಬಿಟ್ಟಳು. ನಂಜಿ ಟೀ ತೋಟದ ಮೂಲೆಯ ಸಾಲು ಬಿಟ್ಟು ನಡುವಿನ ಸಾಲಿಗೆ ಬಂದಳು. ಯಾರಾದರೂ ಕೊಂಕು ನುಡಿದರೆ ಡಾಕ್ಟರರ ಕಾಗದ ಸೊಂಟದಿಂದ ಹೊರಗೆ ಬರುತ್ತಿತ್ತು, ಓದಲು ಬಾರದವರಿಗೂ ಅದನ್ನು ತೋರಿಸುತ್ತಿದ್ದಳು.

ಮುಂದಿನ ಮಾರ್ಚಿನಲ್ಲಿ ಮಲರ್‌ಕೊಡಿ ಮತ್ತೆ ಬಂದಳು. ಈ ಸಲ ಮೈಮೇಲೆ ಒಂದೇ ಸ್ವೆಟರು. ಕಡತ ಬಿಚ್ಚುವ ಮೊದಲೇ ಅಂಗಳದಲ್ಲಿ ನಿಂತು ಬಲಗೈ ಚಾಚಿದಳು. ಮಕ್ಕಳು ಸಾಲಾಗಿ ಬಗ್ಗಿದರು, ಕೈ ಬಿತ್ತು, ತಲೆಗಳು ಎದ್ದವು. ಬೆಳ್ಳಿ ಹೊಸ್ತಿಲಿನಿಂದ ಆ ಸಾಲನ್ನು ನೋಡುತ್ತಿದ್ದಳು. ಬಗ್ಗುವುದು, ಕೈ, ಏಳುವುದು. ಬಗ್ಗುವುದು, ಕೈ, ಏಳುವುದು. ಸಾಲಾಗಿ ನಡೆಯುವುದೆಂದರೆ ಅವಳಿಗೆ ಮೊದಲಿನಿಂದಲೂ ಪ್ರಾಣ. ಕೊನೆಯ ತಲೆ ಎದ್ದ ಮೇಲೆ ಅವಳು ಒಳಗೆ ಬಂದಳು.

ಮಹಾಲಿಂಗಮ್ಮ ಒಲೆಯ ಮುಂದೆ ನಿಂತಿದ್ದಳು, ಡಾಕ್ಟರರು ಬರುತ್ತಾರೆಂದು ತೋಟಕ್ಕೆ ಹೋಗದೆ ಬಂದಿದ್ದ ನಂಜಿ ಸೌದೆ ಹಾಕುತ್ತಿದ್ದಳು. ಬೆಳ್ಳಿ ಎಂದಿನ ಹಾಗೆ ಮಣಿಕಟ್ಟು ಹಿಡಿದಳು. ಉಪ್ಪುಮಾಕ್ಕಿನ್ನೂ ಹೊತ್ತಿದೆ, ಇವಳಿಗೆ ಆಗಲೇ ಹಸಿವೇ ಎಂದುಕೊಂಡಳು ಮಹಾಲಿಂಗಮ್ಮ. ಆದರೆ ಕೈ ಮುಚ್ಚಳದ ಕಡೆಗೆ ಹೋಗಲಿಲ್ಲ. ಮೇಲಕ್ಕೆ ಹೋಯಿತು. ಬೆಳ್ಳಿ ಅದನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, ಜಾರದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದು, ಬಗ್ಗಿದಳು.

ಸಾವಿರ ತಲೆಗಳನ್ನು ಹರಸಿದ ಬಾಯಿಗೆ ಆವತ್ತು ಮಾತು ಬರಲಿಲ್ಲ. ಬೆಳ್ಳಿ ಕಾದಳು. ಕೈ ಬಿದ್ದ ಮೇಲೆ ಒಂದು ಮಾತು ಇದೆ, ಅದು ಬರದೆ ಏಳುವ ಹಾಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬರದಿದ್ದಾಗ ತಾನೇ ಹೇಳಿದಳು, ಡಾಕ್ಟರಮ್ಮನ ತಮಿಳು ರಾಗದಲ್ಲೇ, "ಒಳ್ಳಿತ್ತೇ ಆಗಲಿ."

"ಆಗಲಿ ಎನ್ನ ಕೂಸೇ," ಎಂದಳು ಮಹಾಲಿಂಗಮ್ಮ, "ಒಂದು ಸಾವಿರ ಆಗಲಿ." ನಂಜಿಯ ಕೈಯಲ್ಲಿದ್ದ ಸೌದೆ ಕೈಯಲ್ಲೇ ಇತ್ತು, ಒಲೆ ಹೊಗೆಯಾಡುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ.

ಬೆಳ್ಳಿ ತಲೆ ಎತ್ತಿದಳು. ಆ ಕೈಯನ್ನು ತಲೆಯಿಂದ ಇಳಿಸಿ, ಒಯ್ದು, ಪಾತ್ರೆಯ ಮುಚ್ಚಳದ ಮೇಲೆ ಇಟ್ಟಳು.